ಒಡಲೊಳಗಿನ ನಾಲ್ಕು ಪದರಗಳು



ಕಳೆದ ಸಂಚಿಕೆಯ ಕೊನೆಯಲ್ಲಿ, ಈ ಸಲ ಮನೆಯ ಹಿರಿಯರ ದಿನಚರಿಯ ಕುರಿತು ಬರೆಯುವುದಾಗಿ ನಾವು ಮಾತು ಕೊಟ್ಟಿದ್ದೆವು. ಆ ಮಾತಿಗೆ ತಪ್ಪುತ್ತಿಲ್ಲ. ಆದರೆ ನಾವು ಎಣಿಸಿದ್ದ ದಾರಿಯನ್ನು ಬಿಟ್ಟು ಬೇರೊಂದು ದಾರಿಯಿಂದ ಅಲ್ಲಿಗೆ ಬರಬೇಕಾಗಿದೆ. ನಡುವಿನ ದಿನಗಳಲ್ಲಿ ನಮ್ಮ ಮನೆಯಲ್ಲಿಯೇ ಒಂದು ಅನಾಹುತವು ನಡೆದು, ಕೂದಲೆಳೆಯಷ್ಟರಲ್ಲಿ ತಪ್ಪಿತು. ಅದರಲ್ಲಿ ನಮ್ಮ ಅಜ್ಞಾನದ ಪಾಲೂ ಇದ್ದಿತು. ಅದನ್ನು ಮುಚ್ಚಿಡುವುದರಿಂದ ನಮ್ಮ ಗೌರವವು ಉಳಿಯಬಹುದು. ಹೇಳಿದರೆ ಇನ್ನೊಂದು ಮನೆಯ ಹಿರಿಯ ಜೀವವು ಉಳಿಯಬಹುದು. ಆದುದರಿಂದ ಹೇಳುತ್ತಿದ್ದೇವೆ.

ನಮ್ಮ ಅಕ್ಕನವರಿಗೆ ಈಗ 72 ವರ್ಷ. ಎರಡು ಮೂರು ವರ್ಷಗಳಿಂದ ಮೊಣಕಾಲು ನೋವು. ಯಾರೋ ನೆರೆಯವರು ಹೇಳಿದರೆಂದು ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತರಿಸಿಕೊಂಡರು. ಮೊದಲು ದಿನಕ್ಕೊಂದು, ಆಮೇಲೆ ಎರಡು. ಹೀಗೆ ಎಂಟು ತಿಂಗಳು ನಡೆಯಿತು. ವೈದ್ಯರ ಚೀಟಿಯೂ ಇಲ್ಲ, ಕೇಳುವವರೂ ಇಲ್ಲ. ಸೋಮವಾರ ಉಪವಾಸವಿದ್ದಾಗಲೂ ಬರಿಯ ನೀರಿನೊಡನೆ ಗುಳಿಗೆ ನುಂಗುತ್ತಿದ್ದರು. ಒಂದು ದಿನ ನಮ್ಮ ಬಳಿ ಬಂದು, “ತಮ್ಮಾ, ಯಾಕೋ ಹೊಟ್ಟಿ ಉರೀತೈತಿ” ಎಂದರು. ನಾವು ಓದುತ್ತಿದ್ದ ಗ್ರಂಥದಿಂದ ತಲೆಯೆತ್ತದೆ, “ಪಿತ್ತ ಕೆರಳಿರಬೇಕು ಅಕ್ಕಾ, ಜೀರಿಗೆ ಕಷಾಯ ಕುಡಿ, ಒಂದು ಹೊತ್ತು ಲಂಘನ ಮಾಡು” ಎಂದೆವು. ಲಂಘನದ ಮಹಿಮೆಯನ್ನು ಹೇಳುವ ಶ್ಲೋಕವೊಂದನ್ನೂ ಸೇರಿಸಿದೆವು. ಯಾವ ಗುಳಿಗೆ ನುಂಗುತ್ತಿದ್ದೀ ಎಂದು ಮಾತ್ರ ಕೇಳಲಿಲ್ಲ. ಅಕ್ಕನವರು ತಮ್ಮನ ಮಾತನ್ನು ಶಾಸ್ತ್ರವಾಕ್ಯವೆಂದೇ ನಂಬಿ ಉಪವಾಸವನ್ನು ಹೆಚ್ಚಿಸಿದರು.

ಮೂರು ವಾರಗಳ ಮೇಲೆ, ಬೆಳಗಿನ ಜಾವ ಹೂ ಬಿಡಿಸುತ್ತಿದ್ದವರು ಹಿತ್ತಲಿನಲ್ಲಿಯೇ ಕುಸಿದು ಬಿದ್ದರು. ಮೈ ತಣ್ಣಗಾಗಿ ಬೆವೆತಿತ್ತು; ಮುಖವು ಸುಣ್ಣದಂತೆ ಬಿಳಿಚಿತ್ತು. ಆಸ್ಪತ್ರೆಗೆ ಒಯ್ದಾಗ ರಕ್ತದ ಹಿಮೋಗ್ಲೋಬಿನ್ 5ಕ್ಕೆ ಇಳಿದಿತ್ತು. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಮಲದ ಬಣ್ಣ ಹೇಗಿತ್ತು?” ಎಂಬುದು. ನಮಗೆ ತಿಳಿಯದು. ಸೊಸೆಗೂ ತಿಳಿಯದು. ಅಕ್ಕನವರೇ ಕ್ಷೀಣ ದನಿಯಲ್ಲಿ, ಆರು ದಿನಗಳಿಂದ ಡಾಂಬರಿನಂತೆ ಕಪ್ಪಗೆ, ಜಿಗುಟಾಗಿ ಹೋಗುತ್ತಿತ್ತೆಂದು ಹೇಳಿದರು. ಏಕೆ ಹೇಳಲಿಲ್ಲವೆಂದು ನಾವು ಕೇಳಿದಾಗ ಅವರು ಕೊಟ್ಟ ಉತ್ತರವು ಇಂದಿಗೂ ನಮ್ಮ ಕಿವಿಯಲ್ಲಿದೆ: “ಇಂಥಾದ್ದು ಗಂಡಸರ ಮುಂದ ಹ್ಯಾಂಗ ಹೇಳಲಿ, ತಮ್ಮಾ?”

ಮೂರು ಸೀಸೆ ರಕ್ತ ಕೊಟ್ಟರು. ಬಾಯಿಯ ಮೂಲಕ ದುರ್ಬೀನಿನಂಥ ನಳಿಕೆಯನ್ನು ಇಳಿಸಿ ಒಳಗನ್ನು ನೋಡಿದರು. ಎಂಡೋಸ್ಕೋಪಿ ಎಂಬ ಆ ವಿಧಾನದಿಂದಲೇ ಜಠರದೊಳಗೆ ರಕ್ತ ಸೋರುತ್ತಿದ್ದ ಹುಣ್ಣನ್ನು ಕಂಡು, ಸೋರಿಕೆಯನ್ನು ನಿಲ್ಲಿಸಿದರು. ಅಂದು ಸಂಜೆ ತರುಣ ವೈದ್ಯರು ನಮ್ಮನ್ನು ಕೂಡಿಸಿಕೊಂಡು, ಕಾಗದದ ಮೇಲೆ ಒಂದರ ಕೆಳಗೊಂದು ನಾಲ್ಕು ಗೆರೆಗಳನ್ನು ಎಳೆದರು. “ಶಾಸ್ತ್ರಿಗಳೇ, ಜಠರದ ಗೋಡೆಗೆ ನಾಲ್ಕು ಪದರ. ಅಮ್ಮನವರ ಹುಣ್ಣು ಮೊದಲನೆಯದನ್ನು ಕೊರೆದು ಎರಡನೆಯದಕ್ಕೆ ಇಳಿದಿದೆ. ದೊಡ್ಡ ರಕ್ತನಾಳಗಳು ಇರುವುದು ಅಲ್ಲಿಯೇ. ಇನ್ನೆರಡನ್ನೂ ಕೊರೆದಿದ್ದರೆ…” ಎಂದು ಮಾತು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು.

ಆ ನಾಲ್ಕು ಗೆರೆಗಳ ಕಾಗದವು ಈಗಲೂ ನಮ್ಮ ಮೇಜಿನ ಮೇಲಿದೆ. ಅದನ್ನೇ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿತ ನಮಗೆ ಸುಶ್ರುತಸಂಹಿತೆಯು ಅಪರಿಚಿತವಲ್ಲ. ಅದರ ಶಾರೀರಸ್ಥಾನದಲ್ಲಿ ದೇಹದೊಳಗಿನ ಏಳು ಕಲೆಗಳನ್ನು, ಎಂದರೆ ಏಳು ಪೊರೆಗಳನ್ನು, ಹೇಳಿದೆ. ಅವುಗಳಲ್ಲಿ ಆರನೆಯದು ಪಿತ್ತಧರಾ. ಉಂಡ ಅನ್ನವನ್ನು ಪಚನವಾಗುವವರೆಗೂ ಹಿಡಿದಿಡುವ ಪೊರೆ. ಪುರುಷನ ಕರುಳಿನ ಉದ್ದವು ಮೂರೂವರೆ ವ್ಯಾಮವೆಂದೂ ಅಲ್ಲಿ ಹೇಳಿದೆ. ಎರಡೂ ತೋಳುಗಳನ್ನು ಚಾಚಿದಾಗ ಬರುವ ಅಳತೆಯೇ ವ್ಯಾಮ. ಅದು ಹೆಚ್ಚು ಕಡಿಮೆ ಆಳೆತ್ತರ. ಲೆಕ್ಕ ಹಾಕಿದರೆ ಸುಮಾರು 6 ಮೀಟರ್ ಆಗುತ್ತದೆ. ಇಂದಿನ ವೈದ್ಯಗ್ರಂಥಗಳು ಸಣ್ಣ ಕರುಳೊಂದಕ್ಕೇ ಸುಮಾರು 6 ಮೀಟರ್, ದೊಡ್ಡ ಕರುಳಿಗೆ ಸುಮಾರು ಒಂದೂವರೆ ಮೀಟರ್ ಎನ್ನುತ್ತವೆ. ಅಷ್ಟು ಹಿಂದೆ ಇಷ್ಟು ಸಮೀಪಕ್ಕೆ ಬಂದುದು ಸಣ್ಣ ಮಾತಲ್ಲ. ಅವರು ಊಹೆಯಿಂದ ಬರೆದವರೂ ಅಲ್ಲ. ಹೆಣವನ್ನು ಹುಲ್ಲಿನಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಲಾವಂಚದ ಬೇರು ಮುಂತಾದವುಗಳ ಕುಂಚದಿಂದ ಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲುಗೊಂಡು ಒಂದೊಂದೇ ಪದರವನ್ನು ಕಣ್ಣಾರೆ ನೋಡಬೇಕೆಂದು ಅದೇ ಗ್ರಂಥವು ವಿಧಿಸುತ್ತದೆ. ನೋಡಿ ತಿಳಿ ಎಂದು ಹೇಳಿದ ಗ್ರಂಥವನ್ನು ನಾವು ನೋಡದೆಯೇ ಬಾಯಿಪಾಠ ಮಾಡಿದೆವು. ದೋಷವು ಗ್ರಂಥದ್ದಲ್ಲ, ನಮ್ಮದು.

ಇನ್ನು ಆ ನಾಲ್ಕು ಪದರಗಳನ್ನು ನೋಡೋಣ. ಬಾಳೆಯ ದಿಂಡನ್ನು ಅಡ್ಡಲಾಗಿ ಕೊಯ್ದಾಗ ಒಂದರ ಸುತ್ತ ಒಂದು ಬಳೆಯಂತೆ ಪದರಗಳು ಕಾಣುವುದನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ನಮ್ಮ ಅನ್ನಮಾರ್ಗವೂ ಹಾಗೆಯೇ. ಆದರೆ ನಡುವೆ ಟೊಳ್ಳು. ಅನ್ನನಾಳದಿಂದ ಗುದದ್ವಾರದವರೆಗೆ ಎಲ್ಲಿ ಕೊಯ್ದು ನೋಡಿದರೂ ಮೂಲ ರಚನೆ ಒಂದೇ. ಆಯಾ ಸ್ಥಳದ ಕಾಯಕಕ್ಕೆ ತಕ್ಕಂತೆ ಸಣ್ಣಪುಟ್ಟ ವ್ಯತ್ಯಾಸಗಳುಂಟು, ಅಷ್ಟೇ.

ಎಲ್ಲಕ್ಕಿಂತ ಒಳಗಿನದು ಲೋಳೆಪೊರೆ. ವೈದ್ಯರು ಇದನ್ನು ಮ್ಯೂಕೋಸಾ ಎನ್ನುತ್ತಾರೆ. ಅನ್ನಕ್ಕೆ ನೇರವಾಗಿ ತಗಲುವ ಪದರವಿದು. ಇದರಲ್ಲಿಯೇ ಮತ್ತೆ ಮೂರು ಉಪಪದರಗಳಿವೆ: ಮೇಲೆ ಜೀವಕೋಶಗಳ ಹಾಸು, ಅದರ ಕೆಳಗೆ ಸೂಕ್ಷ್ಮ ರಕ್ತನಾಳಗಳೂ ದೇಹರಕ್ಷಕ ಕೋಶಗಳೂ ಇರುವ ಸಡಿಲವಾದ ಅಂಗಾಂಶ, ಅದರಡಿಯಲ್ಲಿ ತೆಳುವಾದ ಸ್ನಾಯುವಿನ ಎಳೆ. ಅನ್ನನಾಳವು ಬಿಸಿ ಅನ್ನವೂ ಖಡಕ್ ರೊಟ್ಟಿಯೂ ಉಜ್ಜಿಕೊಂಡು ಹೋಗುವ ದಾರಿ. ಅಲ್ಲಿ ಹಾಸು ಕೌದಿಯಂತೆ ಹಲವು ಮಡಿಕೆ ದಪ್ಪವಾಗಿದೆ. ಜಠರಕ್ಕೆ ಇಳಿದೊಡನೆ ಅದು ಒಂದೇ ಸಾಲಿನ ಕೋಶಗಳಾಗುತ್ತದೆ. ಸಣ್ಣ ಕರುಳಿನಲ್ಲಿ ಅದೇ ಹಾಸು ಒಂದು ಮಿಲಿಮೀಟರಿಗಿಂತ ಗಿಡ್ಡದಾದ ಲಕ್ಷಾಂತರ ಕುಚ್ಚುಗಳಾಗಿ ಎದ್ದು ನಿಂತು, ಅನ್ನರಸವನ್ನು ಹೀರುತ್ತದೆ. ಕುಚ್ಚಿನ ಮೇಲಿನ ಪ್ರತಿಯೊಂದು ಕೋಶಕ್ಕೂ ಇನ್ನೂ ಸೂಕ್ಷ್ಮವಾದ ರೋಮಗಳಂಥ ರಚನೆಗಳಿವೆ. ಇವೆಲ್ಲವನ್ನೂ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ ದೇಶದ ಇಬ್ಬರು ಸಂಶೋಧಕರು ಮರಳಿ ಅಳೆದು, ಇಡೀ ಅನ್ನಮಾರ್ಗದ ಒಳಮೈ ಸುಮಾರು 32 ಚದರ ಮೀಟರ್, ಎಂದರೆ ಬ್ಯಾಡ್ಮಿಂಟನ್ ಅಂಗಳದ ಅರ್ಧದಷ್ಟು ಎಂದು ತಿದ್ದಿದರು. ಒಂದು ಮನೆಯ ಎರಡು ಕೋಣೆಗಳಷ್ಟು ನೆಲವನ್ನು ಭಗವಂತನು ನಮ್ಮ ಹೊಟ್ಟೆಯೊಳಗೆ ಮಡಿಸಿ ಇಟ್ಟಿದ್ದಾನೆಂದರೆ ಅದೂ ಬೆರಗಿನ ಸಂಗತಿಯೇ. ಈ ಹಾಸು ಎಂದಿಗೂ ಹಳೆಯದಲ್ಲ. ಕರುಳಿನ ಹಾಸಿನ ಕೋಶಗಳು ಮೂರರಿಂದ ಐದು ದಿನಗಳಲ್ಲಿ ಉದುರಿ, ಹೊಸವು ಬರುತ್ತವೆ.

ಇಲ್ಲೊಂದು ಪ್ರಶ್ನೆಯೇಳುತ್ತದೆ. ಜಠರವು ಪ್ರಬಲವಾದ ಆಮ್ಲವನ್ನು ಸುರಿಸಿ ಅನ್ನವನ್ನು ಅರೆಯುತ್ತದೆ. ಹಾಗಾದರೆ ಅದು ತನ್ನನ್ನೇ ಏಕೆ ಜೀರ್ಣಿಸಿಕೊಳ್ಳುವುದಿಲ್ಲ? ಉತ್ತರವು ಈ ಮೊದಲ ಪದರದಲ್ಲಿಯೇ ಇದೆ. ಅದರ ಕೋಶಗಳು ಗಟ್ಟಿಯಾದ ಲೋಳೆಯನ್ನೂ ಅದರೊಳಗೆ ಕ್ಷಾರವನ್ನೂ ಸ್ರವಿಸುತ್ತವೆ. ಲೋಳೆಯ ಮೇಲ್ಗಡೆ ಉರಿಯುವ ಆಮ್ಲ. ಲೋಳೆಯ ಕೆಳಗೆ, ಕೋಶದ ಮೈಯಲ್ಲಿ, ಹೆಚ್ಚು ಕಡಿಮೆ ತಿಳಿನೀರಿನ ಸೌಮ್ಯತೆ. ಈ ಲೋಳೆಯನ್ನೂ ಅಲ್ಲಿಗೆ ಹರಿಯುವ ರಕ್ತವನ್ನೂ ಕಾಪಾಡುವುದು ಪ್ರೊಸ್ಟಗ್ಲಾಂಡಿನ್ ಎಂಬ ರಸಾಯನ. ನೋವು ಮತ್ತು ಊತವನ್ನು ಉಂಟುಮಾಡುವುದರಲ್ಲಿಯೂ ಅದೇ ಜಾತಿಯ ರಸಾಯನಗಳ ಪಾತ್ರವಿದೆ. ಆಸ್ಪಿರಿನ್ನಿನಂಥ ಗುಳಿಗೆಗಳು ಈ ರಸಾಯನಗಳ ತಯಾರಿಕೆಯನ್ನೇ ತಡೆಯುತ್ತವೆಂದು ಇಂಗ್ಲೆಂಡಿನ ಜಾನ್ ವೇನ್ ಅವರು 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಮೊಣಕಾಲಿನ ನೋವನ್ನು ಆರಿಸುವ ಗುಳಿಗೆಯು ಜಠರದ ಕಾವಲುಗಾರನನ್ನೂ ಮಲಗಿಸುತ್ತದೆ. ಅದು ರಕ್ತದಲ್ಲಿ ಸೇರಿ ಈ ಕೆಲಸ ಮಾಡುವುದರಿಂದ, ಊಟದ ಮೇಲೆ ನುಂಗಿದರೆ ಅಪಾಯವೇ ಇಲ್ಲವೆಂಬುದು ಬರಿಯ ಭ್ರಮೆ. ನಮ್ಮ ಅಕ್ಕನವರಿಗೆ ಆದುದು ಇದೇ.

ಎರಡನೆಯ ಪದರವು ಲೋಳೆಪೊರೆಯ ಕೆಳಗಿನದು, ಸಬ್‌ಮ್ಯೂಕೋಸಾ. ಮೇಲಿನ ಪದರಕ್ಕೆ ಅನ್ನ, ನೀರು, ಉಸಿರು ಒದಗಿಸುವ ರಕ್ತನಾಳಗಳು ಇಲ್ಲಿ ಬಲೆಯಂತೆ ಹರಡಿವೆ. ಹುಣ್ಣು ಮೊದಲ ಪದರದಲ್ಲಿಯೇ ನಿಂತರೆ ಅದನ್ನು ತರಚು ಗಾಯವೆನ್ನಬಹುದು. ಹೊಸ ಹಾಸು ಬೆಳೆದು ಬೇಗ ಮಾಯುತ್ತದೆ. ಅದರ ಅಡಿಯ ಸ್ನಾಯುವಿನ ಎಳೆಯನ್ನು ದಾಟಿ ಇಲ್ಲಿಗೆ ಇಳಿದಾಗಲೇ ಅದು ನಿಜವಾದ ಹುಣ್ಣು. ಇಲ್ಲಿ ದೊಡ್ಡ ನಾಳವೊಂದು ತೆರೆದುಕೊಂಡರೆ ರಕ್ತವು ಪ್ರವಾಹವಾಗಿ ಸುರಿಯುತ್ತದೆ. ಆ ರಕ್ತವು ಕರುಳಿನಲ್ಲಿ ಪಚನಗೊಂಡು ಸಾಗುವುದರಿಂದಲೇ ಮಲವು ಡಾಂಬರಿನ ಬಣ್ಣ ತಾಳುವುದು. ಈ ಪದರದ ಇನ್ನೊಂದು ಗುಣ ಬಲ. ಗೋಡೆಗೆ ಗಟ್ಟಿತನ ಕೊಡುವ ನಾರು ಇರುವುದು ಇಲ್ಲಿ. ಕರುಳನ್ನು ಹೊಲಿಯುವಾಗ ಸೂಜಿಯು ಈ ಪದರವನ್ನು ಹಿಡಿಯದಿದ್ದರೆ ಹೊಲಿಗೆ ನಿಲ್ಲದೆಂದು ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಅವರು 1887ರಲ್ಲಿಯೇ ತೋರಿಸಿಕೊಟ್ಟರು.

ಮೂರನೆಯದು ಸ್ನಾಯುಪದರ. ಒಳಗಡೆ ಬಳೆಯಂತೆ ಸುತ್ತುವ ಸ್ನಾಯು, ಹೊರಗಡೆ ಉದ್ದಕ್ಕೆ ಹರಿಯುವ ಸ್ನಾಯು. ಒಂದು ಹಿಂಡಿದರೆ ಇನ್ನೊಂದು ಎಳೆಯುತ್ತದೆ. ಜಠರಕ್ಕೆ ಮಾತ್ರ ಓರೆಯಾಗಿ ಹೆಣೆದ ಮೂರನೆಯ ಸ್ನಾಯುವೂ ಇದೆ. ಅರೆಯುವವನಿಗೆ ಒಂದು ಕೈ ಹೆಚ್ಚು ಬೇಕಷ್ಟೆ. ಸ್ನಾಯುಗಳ ನಡುವೆ ಒಂದು ನರಜಾಲ, ಎರಡನೆಯ ಪದರದಲ್ಲಿ ಇನ್ನೊಂದು. ಜರ್ಮನಿಯ ಆವರ್‌ಬಾಖ್ ಮತ್ತು ಮೈಸ್ನರ್ ಎಂಬ ವಿದ್ವಾಂಸರ ಹೆಸರುಗಳಿಂದ ಇವು ಪ್ರಸಿದ್ಧವಾಗಿವೆ. ಇವೆರಡರಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟು ನರಕೋಶಗಳಿವೆ. ಮಿದುಳಿನ ಅಪ್ಪಣೆಗೆ ಕಾಯದೆ ಕರುಳು ತಾನೇ ಅನ್ನವನ್ನು ಮುಂದೂಡಬಲ್ಲದೆಂಬುದನ್ನು ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ವಿವರಿಸಿದರು: ತುತ್ತಿನ ಹಿಂದೆ ಬಿಗಿತ, ತುತ್ತಿನ ಮುಂದೆ ಸಡಿಲಿಕೆ. ನಾವು ನಿದ್ರಿಸಿರುವಾಗಲೂ ಈ ಕಾಯಕ ನಿಲ್ಲುವುದಿಲ್ಲ.

ಈ ನರಜಾಲದ ಬೆಲೆ ತಿಳಿಯುವುದು ಅದು ಇಲ್ಲದಾಗ. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಕರುಳಿನ ಕೊನೆಯ ಭಾಗದಲ್ಲಿ ಈ ನರಕೋಶಗಳು ಇರುವುದಿಲ್ಲ. ಆ ಭಾಗವು ಸಡಿಲಗೊಳ್ಳದೆ ಮಲವು ತಡೆದು, ಹೊಟ್ಟೆಯು ಉಬ್ಬುತ್ತದೆ. ಡೆನ್ಮಾರ್ಕಿನ ಮಕ್ಕಳ ವೈದ್ಯ ಹಿರ್ಶ್‌ಸ್ಪ್ರುಂಗ್ ಅವರು 1886ರಲ್ಲಿ ವರ್ಣಿಸಿದ ಈ ರೋಗಕ್ಕೆ ಇಂದು ಶಸ್ತ್ರಚಿಕಿತ್ಸೆಯಿದೆ. ಬಾಣಂತಿಯ ಆರೈಕೆ ಮಾಡುವ ಅಜ್ಜಿಯರು ಇದನ್ನು ನೆನಪಿಡಬೇಕು: ಹುಟ್ಟಿದ 48 ಗಂಟೆಗಳೊಳಗೆ ಕೂಸು ಮೊದಲ ಕಪ್ಪು ಮಲವನ್ನು ವಿಸರ್ಜಿಸದಿದ್ದರೆ ಹರಳೆಣ್ಣೆ, ಬಜೆ ಎಂದು ಕೂಡದೆ ವೈದ್ಯರಲ್ಲಿಗೆ ಒಯ್ಯಬೇಕು.

ನಾಲ್ಕನೆಯದು ಹೊರಪೊರೆ, ಸೀರೋಸಾ. ಬಲು ತೆಳು, ಬಲು ನುಣುಪು. ಕರುಳಿನ ಸುರುಳಿಗಳು ಒಂದರ ಮೇಲೊಂದು ಜಾರುತ್ತ ಉಜ್ಜಿಕೊಳ್ಳದಂತೆ ಇದು ಸದಾ ಹಸಿಯಾಗಿರುತ್ತದೆ. ಎದೆಯೊಳಗೆ ಹಾದುಹೋಗುವ ಅನ್ನನಾಳಕ್ಕೆ ಈ ಪೊರೆಯಿಲ್ಲ. ಅಲ್ಲಿಯ ಅರ್ಬುದವು ನೆರೆಯ ಅವಯವಗಳಿಗೆ ಬೇಗ ಹಬ್ಬುವುದಕ್ಕೆ ಇದೂ ಒಂದು ಕಾರಣ. ಹುಣ್ಣು ಈ ನಾಲ್ಕನೆಯದನ್ನೂ ಕೊರೆದರೆ ಜಠರದ ಆಮ್ಲವು ಹೊಟ್ಟೆಯ ಬಯಲಿಗೆ ಸುರಿಯುತ್ತದೆ. ಥಟ್ಟನೆ ಇರಿದಂಥ ನೋವು; ಹೊಟ್ಟೆಯು ಹಲಗೆಯಂತೆ ಬಿಗಿಯುತ್ತದೆ. ಆಗ ಲೆಕ್ಕಕ್ಕೆ ಬರುವುದು ಗಳಿಗೆಗಳು ಮಾತ್ರ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕರುಳು ಹಿಗ್ಗಿದರೆ, ಸೆಳೆದರೆ ನಮಗೆ ನೋವಾಗುತ್ತದೆ; ಒಳಪದರವನ್ನು ಕೊಯ್ದರೆ ಚರ್ಮವನ್ನು ಕೊಯ್ದಷ್ಟು ತಿಳಿಯುವುದಿಲ್ಲ. ಅದರಲ್ಲಿಯೂ ನೋವಿನ ಗುಳಿಗೆಯನ್ನು ನುಂಗುತ್ತಿರುವ ವೃದ್ಧರಲ್ಲಿ, ಗಾಯವು ಆಳಕ್ಕೆ ಇಳಿಯುತ್ತಿದ್ದರೂ ಸುದ್ದಿಯೇ ಹೊರಡದಿರಬಹುದು. ಅಕ್ಕನವರಿಗೆ ತುಸು ಉರಿಯಾದರೂ ಇದ್ದಿತು. ಎಷ್ಟೋ ಜನರಿಗೆ ಅದೂ ಇರುವುದಿಲ್ಲ. ಕಪ್ಪು ಮಲವೇ ಮೊದಲ ಸುದ್ದಿ.

ಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂದು ನಮ್ಮ ಹಿರಿಯರೇ ಅಲ್ಲ, ವೈದ್ಯರೂ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಅವರು, ಜಠರದ ಲೋಳೆಯಲ್ಲಿ ವಾಸಿಸುವ ಸುರುಳಿಯಾಕಾರದ ಸೂಕ್ಷ್ಮಜೀವಿಯೊಂದು ಇದಕ್ಕೆ ಮುಖ್ಯ ಕಾರಣವೆಂದರು. 1982ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಪಂಡಿತರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಜೀವಾಣುಗಳಿದ್ದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತವನ್ನು ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದಲ್ಲಿ ಈ ಸೋಂಕು ಬಹು ವ್ಯಾಪಕ. ಪರೀಕ್ಷೆಯಲ್ಲಿ ಕಂಡರೆ ಸಾಮಾನ್ಯವಾಗಿ ಎರಡು ವಾರಗಳ ಔಷಧದಿಂದ ಅದನ್ನು ತೊಲಗಿಸಬಹುದು. ಕಷಾಯವು ಅದನ್ನು ತೊಲಗಿಸದು.

ಪದರಗಳ ಜ್ಞಾನವು ಇನ್ನೊಂದು ಕಡೆಯೂ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಜಠರದ ಅಥವಾ ದೊಡ್ಡ ಕರುಳಿನ ಅರ್ಬುದವನ್ನು ಪರೀಕ್ಷಿಸುವಾಗ ವೈದ್ಯರು ಮೊದಲು ನೋಡುವ ಸಂಗತಿಗಳಲ್ಲಿ ಒಂದು, ಅದು ಯಾವ ಪದರದವರೆಗೆ ಇಳಿದಿದೆ ಎಂಬುದು. ಒಳಪದರದಲ್ಲಿಯೇ ಇರುವಾಗ ಕಂಡರೆ ಎಷ್ಟೋ ಸಲ ಹೊಟ್ಟೆ ಕೊಯ್ಯದೆ, ನಳಿಕೆಯ ಮೂಲಕವೇ ತೆಗೆಯಬಹುದು. ನಾಲ್ಕನೆಯದನ್ನು ದಾಟಿದ ಮೇಲೆ ಕಂಡರೆ ದಾರಿಯು ಕಠಿಣ. ರೋಗ ಒಂದೇ, ನಡುವೆ ಇರುವುದು ಕೆಲವೇ ಮಿಲಿಮೀಟರುಗಳ ಗೋಡೆ, ಮತ್ತು ನಾವು ಸುಮ್ಮನಿದ್ದು ಕಳೆದ ತಿಂಗಳುಗಳು.

ಆದುದರಿಂದ ನಮ್ಮ ಓದುಗ ಕುಟುಂಬಗಳಲ್ಲಿ ಕೆಲವು ಬಿನ್ನಹಗಳು. ಮನೆಯ ಹಿರಿಯರು ಯಾವ ಯಾವ ಗುಳಿಗೆ ನುಂಗುತ್ತಿದ್ದಾರೆಂದು ಇಂದೇ ಡಬ್ಬಿ ತೆರೆದು ನೋಡಿರಿ. ನೋವಿನ ಗುಳಿಗೆಯನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗಬಾರದು. ಅಗತ್ಯವೇ ಆದಲ್ಲಿ ಜಠರವನ್ನು ಕಾಯುವ ಔಷಧವನ್ನೂ ಜೊತೆಗೆ ಕೊಡಬೇಕೇ ಎಂದು ಅವರನ್ನೇ ಕೇಳಿರಿ. ಹೃದಯಕ್ಕೆಂದು ವೈದ್ಯರು ಕೊಟ್ಟ ಆಸ್ಪಿರಿನ್ನನ್ನು ಈ ಲೇಖನ ಓದಿ ತಾವಾಗಿ ನಿಲ್ಲಿಸಬಾರದು. ಅದರಿಂದ ಬೇರೆ ಅಪಾಯವುಂಟು. ಉಪವಾಸವು ಶ್ರದ್ಧೆಯ ವಿಷಯ, ಅದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಔಷಧ ನುಂಗುವವರು ಉಪವಾಸದ ವಿಷಯವನ್ನೂ ವೈದ್ಯರಿಗೆ ಹೇಳಬೇಕು. ಡಾಂಬರಿನಂಥ ಮಲ, ಕಾಫಿಪುಡಿಯ ಬಣ್ಣದ ವಾಂತಿ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿರಿ. ಕಬ್ಬಿಣದ ಗುಳಿಗೆಯಿಂದಲೂ ಮಲವು ಕಪ್ಪಾಗುವುದುಂಟು. ಆದರೆ ಅದನ್ನು ತೀರ್ಮಾನಿಸುವವರು ವೈದ್ಯರೇ ಹೊರತು ನಾವಲ್ಲ.

ಎಲ್ಲಕ್ಕಿಂತ ದೊಡ್ಡ ಬಿನ್ನಹವು ನಾಚಿಕೆಯ ಕುರಿತಾದದ್ದು. ನಮ್ಮ ಮನೆಗಳಲ್ಲಿ ಊಟದ ಮಾತು ದಿನವಿಡೀ ನಡೆಯುತ್ತದೆ. ಉಂಡ ಅನ್ನದ ಮುಂದಿನ ಗತಿಯನ್ನು ಮಾತನಾಡುವುದು ಅಸಭ್ಯವೆನಿಸುತ್ತದೆ. ಇಡೀ ಮನೆಗೆ ಬಡಿಸಿ ಕೊನೆಯಲ್ಲಿ ಉಣ್ಣುವ ತಾಯಂದಿರು ತಮ್ಮ ಹೊಟ್ಟೆಯ ಸಂಕಟವನ್ನು ಕೊನೆಗೂ ಹೇಳುವುದಿಲ್ಲ. ಅವರು ಹೇಳಲಿ ಎಂದು ಕಾಯುವುದು ಸಾಲದು, ಕೇಳಬೇಕು. ನಾವು ಗ್ರಂಥದಿಂದ ತಲೆಯೆತ್ತಿ ಕೇಳಿದ್ದರೆ, ಅಕ್ಕನವರ ಹುಣ್ಣು ಬಹುಶಃ ಮೊದಲ ಪದರದಲ್ಲಿಯೇ ನಿಲ್ಲುತ್ತಿದ್ದಿತು.

ಎಂಟು ವಾರಗಳ ಔಷಧದ ನಂತರ ಮತ್ತೆ ನಳಿಕೆ ಇಳಿಸಿ ನೋಡಿದರು. ಹುಣ್ಣು ಮಾಯ್ದು, ಅದರ ಜಾಗದಲ್ಲಿ ಹೊಸ ಹಾಸು ಬೆಳೆದಿದೆ. ಮೊಣಕಾಲಿಗೆ ಈಗ ವೈದ್ಯರು ಹೇಳಿದ ವ್ಯಾಯಾಮ, ಒಂದು ಊರುಗೋಲು. ಮೊನ್ನೆ ನಾವು ಊಟಕ್ಕೆ ಕುಳಿತಾಗ ಅಕ್ಕನವರು ರೊಟ್ಟಿ ಬಡಿಸುತ್ತ, “ತಮ್ಮಾ, ನಿನ್ನ ಹೊಟ್ಟಿ ನೆಟ್ಟಗೈತಿಲ್ಲೋ? ನಾಚಬ್ಯಾಡ, ಹೇಳು” ಎಂದು ನಕ್ಕರು. ಮನೆಯವರೆಲ್ಲರೂ ನಕ್ಕರು. ನಾವೂ ನಕ್ಕು, ನಾಲ್ಕು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದ ನಮ್ಮ ಮೂಲವ್ಯಾಧಿಯ ಮಾತನ್ನು ಹೇಳಿದೆವು. ನಾಳೆ ವೈದ್ಯರಲ್ಲಿಗೆ ಹೊರಟಿದ್ದೇವೆ.

ಹಿರಿಯರ ದಿನಚರಿಯ ಉಳಿದ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ. ಶರಣು.